ಕೀಲಿ ಒಬ್ಬರದು, ಕೀಲಿಕೈ ಇನ್ನೊಬ್ಬರದು

ರಾಯಬಾಗದಿಂದ ಮಿರಜಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತವರಿಗೆ ಮಾತಿನ ವಿಷಯಕ್ಕೆ ಬರಗಾಲವೆಂಬುದಿಲ್ಲ. ಕಬ್ಬಿನ ದರ, ಕೃಷ್ಣೆಯ ನೀರು, ಮಿರಜಿನ ಡಾಕ್ಟರು ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಆದರೆ ಈಚೆಗೆ ಒಂದು ಸಲ ಅದೇ ಗಾಡಿಯಲ್ಲಿ ನಾನು ಕೇಳಿದ ವಾದ ಈ ಮೂರಕ್ಕೂ ಸೇರಿದ್ದಾಗಿರಲಿಲ್ಲ. ಎದುರು ಬೆಂಚಿನಲ್ಲಿ ನಿವೃತ್ತ ಮಾಸ್ತರರೊಬ್ಬರು ಕುಳಿತಿದ್ದರು. ಅವರ ಮಗ್ಗುಲಿಗೆ ಮೊಬೈಲು ರಿಪೇರಿ ಕೆಲಸದ ತರುಣನೊಬ್ಬ. ಮಾಸ್ತರರ ಫೋನಿನ ಮೇಲೆ ಹೊಸ ಸಾಫ್ಟ್‌ವೇರು ಸಿದ್ಧವಾಗಿದೆಯೆಂಬ ಸೂಚನೆ ಮೂಡಿತ್ತು. ಅವರು ಅದನ್ನು ಬೆರಳಿನಿಂದ ಆಚೆ ತಳ್ಳಿದರು.

"ಯಾಕ್ರೀ ಸರ, ಅಪ್‌ಡೇಟ್ ಮಾಡೂದಿಲ್ಲೇನ್ರಿ?"

"ಒಮ್ಮೆ ಮಾಡಿ ಕೈ ಸುಟ್ಟಕೊಂಡೇನಿ ತಮ್ಮಾ. ಇದ್ದ ಫೋನು ಎತ್ತಿನ ಗಾಡಿ ಆತು. ರೊಕ್ಕಾ ಕೊಟ್ಟಾಂವ ನಾನು, ಅದನ್ನ ಬದಲ ಮಾಡಾಕ ಅವರ್ಯಾರು?"

ತರುಣ ನಕ್ಕು ತನ್ನ ಹಳೆಯ ಫೋನನ್ನು ತೋರಿಸಿದ. ಅದನ್ನು ಮಾಡಿದ ಕಂಪನಿ ಅದರ ಕೈಬಿಟ್ಟು ಮೂರು ವರ್ಷವಾಗಿತ್ತಂತೆ. ಇವನೇ ಒಳಗಿನ ಕೀಲಿ ತೆಗೆದು, ಬೇರೆಯವರು ಬರೆದ ಸಾಫ್ಟ್‌ವೇರನ್ನು ತುಂಬಿ ನಡೆಸುತ್ತಿದ್ದ. ಮಾಸ್ತರರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಬ್ಯಾಂಕಿನ ಆ್ಯಪು ಇದರಾಗ ನಡೀತೈತೇನು?" ಎಂದು ಕೇಳಿದರು. ತರುಣನ ನಗೆ ಸ್ವಲ್ಪ ಇಳಿಯಿತು. "ಅದೊಂದು ನಡ್ಯಾಂಗಿಲ್ರಿ."

ಇಬ್ಬರದೂ ಒಂದೇ ತಕರಾರೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ದುಡ್ಡು ಕೊಟ್ಟು ಮನೆಗೆ ತಂದ ಯಂತ್ರದ ಮೇಲೆ ಮಾರಿದವನ ಅಧಿಕಾರ ಎಲ್ಲಿಯವರೆಗೆ? ಈ ಪ್ರಶ್ನೆಗೆ ನಮ್ಮ ಗಡಿ ತಾಲೂಕುಗಳಲ್ಲಿ ಒಂದು ಚರಿತ್ರೆಯೇ ಇದೆ.

ನಾವು ಕುಳಿತ ರೈಲುದಾರಿಯೇ ಮಿರಜನ್ನು ದಾಟಿ ಮುಂದೆ ಕಿರ್ಲೋಸ್ಕರವಾಡಿಗೆ ಹೋಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಕಬ್ಬಿಣದ ನೇಗಿಲನ್ನು ತಯಾರಿಸಿ, 1910ರಲ್ಲಿ ಔಂಧ ಸಂಸ್ಥಾನದ ಬಯಲಿನಲ್ಲಿ ತಮ್ಮ ಕಾರಖಾನೆಯನ್ನು ಕಟ್ಟಿದರು. ಮೊದಮೊದಲು ಆ ನೇಗಿಲನ್ನು ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜಿದ್ದರು. ಹೊಸದಕ್ಕೆ ಅಂಜುವುದು ನಮ್ಮ ಮಾಸ್ತರರಿಂದ ಶುರುವಾದದ್ದಲ್ಲ. ಆದರೆ ನೇಗಿಲಿಗೂ ಫೋನಿಗೂ ನಡುವೆ ಒಂದು ವ್ಯತ್ಯಾಸವುಂಟು. ಹಳೆಯ ಮರದ ನೇಗಿಲನ್ನೇ ಹೂಡುತ್ತೇನೆಂದ ರೈತನ ಹೊಲಕ್ಕೆ ರಾತ್ರೋರಾತ್ರಿ ಯಾರೂ ಬಂದು ಅದನ್ನು ಕಬ್ಬಿಣದ್ದಾಗಿ ಮಾಡಲಿಲ್ಲ. ಕಬ್ಬಿಣದ್ದನ್ನು ಕೊಂಡವನಾದರೂ ಕುಳ ಸವೆದಾಗ ಬೋಲ್ಟು ಬಿಚ್ಚಿ ಬೇರೆ ಕುಳ ಹಾಕಿಕೊಳ್ಳುತ್ತಿದ್ದ. ಅದಕ್ಕೆ ಕಾರಖಾನೆಯ ಅಪ್ಪಣೆ ಬೇಕಿರಲಿಲ್ಲ.

ನೇಗಿಲಿನ ನಂತರ ಮನೆಯೊಳಗೆ ಬಂದ ಯಂತ್ರ ರೇಡಿಯೋ. ಅದಕ್ಕೆ ಅಪ್ಪಣೆ ಬೇಕಾಗಿತ್ತು. 1933ರ ಕಾಯಿದೆಯ ಪ್ರಕಾರ ರೇಡಿಯೋ ಇಟ್ಟುಕೊಂಡವನು ಲೈಸೆನ್ಸು ಪಡೆಯಬೇಕು, ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಹಣ ಕಟ್ಟಬೇಕು. 1980ರ ದಶಕದಲ್ಲಿ ಅದು ರದ್ದಾಗುವ ತನಕ ಆ ಚಿಕ್ಕ ಪುಸ್ತಕ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಆಸ್ತಿಪತ್ರಗಳ ಜೊತೆಗೆ ಇರುತ್ತಿತ್ತು. ಆದರೂ ಸರಕಾರ ಮುಳ್ಳನ್ನು ಮಾತ್ರ ಕಟ್ಟಿಹಾಕಲಿಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಬಂತು, 1963ರಲ್ಲಿ ಸಾಂಗಲಿಯದು. ಚಿಕ್ಕೋಡಿಯ ಗೃಹಸ್ಥನೊಬ್ಬ ಕೂತಲ್ಲೇ ಬೆರಳು ತಿರುವಿ ಕನ್ನಡದಿಂದ ಮರಾಠಿಗೂ ಮರಾಠಿಯಿಂದ ಕನ್ನಡಕ್ಕೂ ಹೋಗಿಬರುತ್ತಿದ್ದ. ಈ ಪೆಟ್ಟಿಗೆಯಲ್ಲಿ ಧಾರವಾಡವನ್ನು ಮಾತ್ರ ಕೇಳತಕ್ಕದ್ದು ಎಂದು ಮಾರಿದವನು ಹೇಳಿದ್ದರೆ ಊರಿನವರು ನಗುತ್ತಿದ್ದರು.

ಮೊಬೈಲಿನ ಕಾಲಕ್ಕೆ ಇದೇ ಮಾತನ್ನು ನಗದೆ ಒಪ್ಪಿಕೊಂಡೆವು. ಇಲ್ಲಿ ಕೀಲಿ ಎರಡು ಬಗೆಯದು. (ಬೀಗಕ್ಕೆ ಕೀಲಿ ಎನ್ನುವುದು ನಮ್ಮ ಕಡೆಯ ರೂಢಿ, ಬೆಂಗಳೂರಿನ ವಾಚಕರು ಮನ್ನಿಸಬೇಕು.) ಒಂದು ಜಾಲದ ಕೀಲಿ: ಇಂಥ ಕಂಪನಿಯ ಸಿಮ್ಮು ಹಾಕಿದರೆ ಮಾತ್ರ ಫೋನು ನಡೆಯುತ್ತದೆ. ಇನ್ನೊಂದು ಒಳಗಿನ ಕೀಲಿ: ಫೋನು ಎಚ್ಚರವಾಗುವ ಕ್ಷಣದಲ್ಲಿಯೇ ತಯಾರಕನ ಮುದ್ರೆಯುಳ್ಳ ಸಾಫ್ಟ್‌ವೇರೇ ಒಳಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿ, ಅನ್ಯವಾದದ್ದನ್ನು ಒಳಬಿಡದ ಕಾವಲು. ಈ ಕಾವಲಿಗೆ ಬೂಟ್‌ಲೋಡರು ಎಂದು ಹೆಸರು.

ಜಾಲದ ಕೀಲಿಯ ಬಿಸಿ ಗಡಿಯವರಿಗೆ ಉಳಿದವರಿಗಿಂತ ಹೆಚ್ಚಾಗಿಯೇ ತಟ್ಟಿತು. 1990ರ ದಶಕದಲ್ಲಿ ದೇಶವನ್ನು ದೂರವಾಣಿಯ ವಲಯಗಳಾಗಿ ಹಂಚಿದಾಗ ಕರ್ನಾಟಕ ವಲಯದ ಗೆರೆ 1956ರ ರಾಜ್ಯಗಡಿಯ ಮೇಲೆಯೇ ಬಿತ್ತು. ಆದರೆ ನಿಪ್ಪಾಣಿಯ ವ್ಯವಹಾರ ಕೊಲ್ಲಾಪುರದೊಡನೆ, ಕಾಗವಾಡದ ದವಾಖಾನೆ ಮಿರಜಿನಲ್ಲಿ. ರಾಯಬಾಗವಂತೂ 1949ರ ವಿಲೀನದ ತನಕ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಗಾಳಿಯಲ್ಲಿ ಬರುವ ಅಲೆಗೆ ಯಾವ ರಾಜ್ಯದ ಗೆರೆಯೂ ಕಾಣದು. ಮನೆಯ ಪಡಸಾಲೆಯಲ್ಲಿ ಕರ್ನಾಟಕವಾಗಿದ್ದ ಫೋನು ಹಿತ್ತಲಿಗೆ ಹೋದರೆ ಮಹಾರಾಷ್ಟ್ರವಾಗಿ, ಬಂದ ಕರೆಗೂ ಹಣ ಕತ್ತರಿಸುತ್ತಿತ್ತು. ಆಗ ನಮ್ಮವರು ಕಲಿತ ಉಪಾಯಗಳು ಎರಡು. ಫೋನಿನ ಒಳಹೊಕ್ಕು ಜಾಲವನ್ನು ಕೈಯಿಂದಲೇ ಆರಿಸಿ ನಿಲ್ಲಿಸುವುದು ಒಂದು. ಜೇಬಿನಲ್ಲಿ ಎರಡು ರಾಜ್ಯಗಳ ಎರಡು ಸಿಮ್ಮು ಇಟ್ಟುಕೊಂಡು, ಹೋದ ಕಡೆಗೆ ತಕ್ಕಂತೆ ಬದಲಿಸುವುದು ಇನ್ನೊಂದು. ಎರಡನೆಯ ಉಪಾಯಕ್ಕೆ ಕೀಲಿಯಿಲ್ಲದ ಫೋನೇ ಬೇಕು. ಪಟ್ಟಣದ ಹುಡುಗರಿಗೆ ಅದು ಶೋಕಿಯಾಗಿದ್ದಿರಬಹುದು, ನಿಪ್ಪಾಣಿಯ ತಂಬಾಕಿನ ದಲಾಲಿಗೆ ಹೊಟ್ಟೆಪಾಡು.

ಅಂಥ ಹೊತ್ತಿನಲ್ಲಿ, 2003ರ ಜುಲೈಯಲ್ಲಿ, ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಫೋನು ಕೊಡತೊಡಗಿತು. ಅದರಲ್ಲಿ ಸಿಮ್ಮೇ ಇರಲಿಲ್ಲ. ನಂಬರನ್ನು ಯಂತ್ರದೊಳಗೇ ಬರೆದಿಡುತ್ತಿದ್ದರು, ಬೇರೆ ಕಂಪನಿಗೆ ಅದು ಸಲ್ಲದು. ಲಕ್ಷಾಂತರ ಬಡವರ ಕೈಗೆ ಮೊದಲ ಫೋನು ಬಂದದ್ದು ಆ ದಾರಿಯಿಂದಲೇ ಎಂಬುದನ್ನು ನಾವು ಮರೆಯಬಾರದು. ಕೀಲಿ ಹಾಕಿದ್ದರಿಂದಲೇ ಅದು ಅಷ್ಟು ಅಗ್ಗವಾಯಿತು. ಮುಂದೆ ಆ ಬಗೆಯ ಜಾಲವೇ ಮುಚ್ಚಿತು, 2017ರ ಕೊನೆಗೆ ಕಂಪನಿ ಧ್ವನಿಸೇವೆಯನ್ನೇ ನಿಲ್ಲಿಸಿತು. ಗುಂಡಿಯೂ ಪರದೆಯೂ ನೆಟ್ಟಗಿದ್ದ ಫೋನುಗಳು ಮಕ್ಕಳ ಆಟಿಗೆಯಾದವು. ಅದೇ 2017ರಲ್ಲಿ 1500 ರೂಪಾಯಿ ಠೇವಣಿಗೆ ಬಂದ ಜಿಯೋಫೋನೂ ತನ್ನ ಸಿಮ್ಮೊಂದನ್ನೇ ಒಪ್ಪುವಂಥದು. ಅಷ್ಟರಲ್ಲಿ ರೋಮಿಂಗಿನ ಪೀಡೆ ಇಳಿಯುತ್ತ ಬಂದಿತ್ತು. 2015ರ ಜೂನಿನಲ್ಲಿ ಬಿ.ಎಸ್.ಎನ್.ಎಲ್. ದೇಶದಲ್ಲೆಲ್ಲ ಒಳಬರುವ ಕರೆಗೆ ಹಣ ಬಿಟ್ಟಿತು, ಉಳಿದವರೂ ಎರಡು ವರ್ಷದೊಳಗೆ ಬಿಟ್ಟರು.

ಇನ್ನು ಒಳಗಿನ ಕೀಲಿಯ ಕಥೆ. ಅದನ್ನು ತೆಗೆಯುವುದು ಕಿಡಿಗೇಡಿಗಳ ಕೆಲಸವೆಂದು ಭಾವಿಸಿದವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ 2011ರ ಸುಮಾರಿನ ಒಂದು ಸಂಗತಿಯನ್ನು ನೆನಪಿಸಬಯಸುತ್ತೇನೆ. ಆಗ ಪೇಟೆಗೆ ಬಂದ ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡದ ಪತ್ರಿಕೆಯನ್ನು ತೆರೆದರೆ ಸಾಲುಸಾಲು ಖಾಲಿ ಚೌಕ! ಗೋಡೆಯ ಇಟ್ಟಿಗೆಯನ್ನು ಓದಿದಂತೆ. ಕನ್ನಡಕ್ಕೆ ಗಣಕಲೋಕದಲ್ಲಿ ಜಾಗವಿರಲಿಲ್ಲವೆಂದಲ್ಲ. 1991ರಲ್ಲಿ ಹೊರಟ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ಸಿಕ್ಕಿತ್ತು. ಅಕ್ಷರಕ್ಕೆ ಅಂಕಿ ಗೊತ್ತಾಗಿತ್ತು, ಆ ಅಂಕಿಯನ್ನು ಅಕ್ಷರವಾಗಿ ಬಿಡಿಸುವ ಸಾಮಗ್ರಿ ಮಾತ್ರ ಫೋನಿನೊಳಗಿರಲಿಲ್ಲ.

ಹೀಗೆ ಹಿಂದುಳಿದದ್ದು ನಮಗೆ ಹೊಸದೇನಲ್ಲ. ಮೈಕ್ರೋಸಾಫ್ಟಿನ ವಿಂಡೋಸ್ 2000 ದೇವನಾಗರಿಯನ್ನೂ ತಮಿಳನ್ನೂ ತೋರಿಸುತ್ತಿತ್ತು. ಕನ್ನಡ ಬಂದದ್ದು ಅದರ ಮುಂದಿನ ಆವೃತ್ತಿಯಲ್ಲಿ, 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರಮಾಲೆಯ ರೂಪದಿಂದ. ಆಂಡ್ರಾಯ್ಡಿನಲ್ಲೂ ಅದೇ ಸರದಿ. ದೇವನಾಗರಿ ಮೊದಲು ಬಂತು. ಕನ್ನಡ, ತೆಲುಗು, ಮಲಯಾಳಂಗಳು 2012ರಲ್ಲಿ, 4.1ನೆಯ ಆವೃತ್ತಿಯಲ್ಲಿ ಬಂದವು. ಕನ್ನಡವನ್ನೂ ಮರಾಠಿಯನ್ನೂ ಒಂದೇ ಪಡಸಾಲೆಯಲ್ಲಿ ಓದುವ ನಿಪ್ಪಾಣಿಯಂಥ ಊರಿನಲ್ಲಿ ಇದರ ಅರ್ಥವೇನೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಒಂದೇ ಫೋನಿನಲ್ಲಿ ನೆರೆಮನೆಯವನ ಪತ್ರ ಪತ್ರವಾಗಿಯೂ ನಮ್ಮ ಪತ್ರ ಚೌಕಗಳಾಗಿಯೂ ಕಾಣುತ್ತಿದ್ದ ದಿನಗಳುಂಟು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ದೂರದಲ್ಲಿ ಕುಳಿತ ಒಬ್ಬ ಇಂಜಿನಿಯರನ ಪಟ್ಟಿಯಲ್ಲಿ ನಮ್ಮ ಹೆಸರು ಕೆಳಗಿತ್ತು, ಅಷ್ಟೆ.

ಹಾಗಾದರೆ 4.1 ಬಂದೊಡನೆ ದುಃಖ ತೀರಿತೇ? ಇಲ್ಲ. ಹೊಸ ಆವೃತ್ತಿ ಬಂದದ್ದು ಹೊಸ ಫೋನುಗಳಿಗೆ. 2.3ನೆಯ ಆವೃತ್ತಿಯ ಅಗ್ಗದ ಫೋನುಗಳು ಆಮೇಲೆಯೂ ಮಾರಾಟವಾಗುತ್ತಲೇ ಇದ್ದವು. ಅವನ್ನು ಮಾಡಿದವರಲ್ಲಿ ಹೆಚ್ಚಿನವರು ಮೇಲಿನ ಆವೃತ್ತಿಯನ್ನು ಕಳಿಸುವ ಗೋಜಿಗೆ ಹೋಗಲಿಲ್ಲ. ಮಾರಿಯಾದ ಮೇಲೆ ಅವರಿಗೆ ಅದರಲ್ಲಿ ಲಾಭವೇನು? ನನ್ನ ಮೊದಲ ಫೋನೂ ಅಂಥದೇ. ಅಂಗಡಿಯವನನ್ನು ಕೇಳಿದರೆ, "ಕನ್ನಡ ಬೇಕಾದ್ರ ಹೊಸಾದು ತಗೋರಿ" ಎಂಬುದು ಉತ್ತರ.

ಬಡವರ ಉಪಾಯ ಒಂದಿತ್ತು. ಒಪೆರಾ ಮಿನಿ ಎಂಬ ಬ್ರೌಸರಿನ ಅಡಗಿದ ಪುಟವೊಂದರಲ್ಲಿ ಒಂದು ಆಯ್ಕೆಯನ್ನು ತಿರುಗಿಸಿದರೆ, ಆ ಕಂಪನಿಯ ದೂರದ ಗಣಕವೇ ಕನ್ನಡದ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಓದಬಹುದಿತ್ತು, ಆದರೆ ಆ ಬ್ರೌಸರಿನೊಳಗೆ ಮಾತ್ರ. ಮಗಳು ಕಳಿಸಿದ ಸಂದೇಶ ಮತ್ತೆ ಚೌಕವೇ. ಉಳಿದದ್ದು ಒಂದೇ ದಾರಿ: ಕೀಲಿ ಒಡೆದು, ಫೋನಿನ ಗರ್ಭಗುಡಿಗೆ ಹೊಕ್ಕು, ಅಲ್ಲಿಯ ಅಕ್ಷರಗಳ ಕೋಣೆಯಲ್ಲಿ ಕನ್ನಡದ ಕಡತವನ್ನು ಇಟ್ಟುಬರುವುದು. ಹಾಗೆ ಮಾಡಿದವರಿಗೂ ಪೂರ್ಣ ಕನ್ನಡ ದಕ್ಕಲಿಲ್ಲ. ಅಕ್ಷರವನ್ನು ಇಟ್ಟರೂ ಗುಣಿತವನ್ನು ಕೂಡಿಸುವ, ಒತ್ತನ್ನು ಕೆಳಗಿಳಿಸುವ ಯಂತ್ರಭಾಗ ಅಲ್ಲಿರಲಿಲ್ಲ. ರಾಯಬಾಗ, ಕಾಗವಾಡ ಎಂಬ ಹೆಸರುಗಳನ್ನು ಹೇಗೋ ಓದಬಹುದಾಗಿತ್ತು. ಅಥಣಿಯ ಗುಡಿಸು ಕಳಚಿ ಪಕ್ಕಕ್ಕೆ ಬೀಳುತ್ತಿತ್ತು. ಚಿಕ್ಕೋಡಿ ಮತ್ತು ನಿಪ್ಪಾಣಿಗಳ ಒತ್ತಕ್ಷರಗಳು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಇಡೀ ಸಾಫ್ಟ್‌ವೇರನ್ನೇ ತೆಗೆದು 4.1ರ ಮೇಲಿನದನ್ನು ತುಂಬಿದರೆ ಮಾತ್ರ ಅವು ಕೂಡುವುದು. 2009ರಲ್ಲಿ ಹುಟ್ಟಿದ ಸಯನೋಜೆನ್‌ಮಾಡ್ ಎಂಬ ಬಯಲು ಸಾಫ್ಟ್‌ವೇರು ಇದಕ್ಕೇ ಒದಗಿತು. 2016ರ ಕೊನೆಗೆ ಅದು ನಿಂತಾಗ ಅದರ ಬಳಗದವರು ಲೀನಿಯೇಜ್ ಎಂಬ ಹೆಸರಿನಿಂದ ಅದನ್ನು ಮುಂದುವರಿಸಿದರು. ಕಂಪನಿ ಬೇಡವೆಂದ ಫೋನಿಗೆ ಯಾರೋ ಅಪರಿಚಿತರು ಸಂಬಳವಿಲ್ಲದೆ ಹೊಸ ಆವೃತ್ತಿ ಬರೆದುಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಹಾಗೆಂದು ಕೀಲಿಯನ್ನೇ ತೆಗೆದುಬಿಡೋಣವೆಂದರೆ ನಾನು ಒಪ್ಪಲಾರೆ. 2015ರಲ್ಲಿ ಆಂಡ್ರಾಯ್ಡಿನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ಚಿತ್ರಸಂದೇಶವೊಂದನ್ನು ಕಳಿಸಿಯೇ ಇನ್ನೊಬ್ಬರ ಫೋನಿನೊಳಗೆ ನುಗ್ಗಬಹುದಾಗಿತ್ತು. ತಿಂಗಳು ತಿಂಗಳು ರಕ್ಷಣೆಯ ತೇಪೆ ಕಳಿಸುವ ಪದ್ಧತಿ ಗಟ್ಟಿಯಾದದ್ದು ಆಗಿನಿಂದ. ಯು.ಪಿ.ಐ. ಬಂದ 2016ರಿಂದೀಚೆಗೆ ಸಂತೆಯ ಕಾಯಿಪಲ್ಲೆಯ ರೊಕ್ಕವೂ ಫೋನಿನಲ್ಲಿದೆ. ಕೀಲಿ ತೆಗೆದ ಫೋನನ್ನು ಬ್ಯಾಂಕಿನವರು ಸಂಶಯದಿಂದ ನೋಡಿದರೆ ಅದು ಪೂರಾ ಹಟಮಾರಿತನವಲ್ಲ. ಇತ್ತ ಮಾಸ್ತರರ ಸಂಶಯಕ್ಕೂ ಆಧಾರವುಂಟು. ಹಳೆಯ ಬ್ಯಾಟರಿಯ ಐಫೋನುಗಳನ್ನು ಅಪ್‌ಡೇಟಿನ ಮೂಲಕ ತಾನೇ ನಿಧಾನ ಮಾಡಿದ್ದಾಗಿ ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಯಂತ್ರ ಹಠಾತ್ತನೆ ಆರಿಹೋಗದಿರಲಿ ಎಂಬುದು ಅದರ ಸಮರ್ಥನೆ. ಇರಬಹುದು. ಆದರೆ ಮೊದಲೇ ಹೇಳಲಿಲ್ಲವಲ್ಲ!

ನನಗೆ ತೋರುವ ನ್ಯಾಯ ಇಷ್ಟು. ಮಾರಿದವನು ಯಂತ್ರವನ್ನು ನೋಡಿಕೊಳ್ಳುವ ತನಕ ಕೀಲಿಕೈ ಅವನ ಬಳಿ ಇರಲಿ, ಅವನು ಕೈಬಿಟ್ಟ ದಿನ ಅದು ಕೊಂಡವನ ಕೈಗೆ ಬರಲಿ. ಕಾಯಿದೆಗಳು ಈ ದಿಕ್ಕಿಗೆ ಮೆಲ್ಲಗೆ ಹೊರಳುತ್ತಿರುವಂತೆ ಕಾಣುತ್ತದೆ. ಜಾಲದ ಕೀಲಿ ತೆಗೆಯಲು ಗ್ರಾಹಕನಿಗೆ ಹಕ್ಕುಂಟೆಂದು ಅಮೇರಿಕ 2014ರಲ್ಲಿ ಶಾಸನ ಮಾಡಿತು. ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟು ಒದಗಿಸಬೇಕೆಂಬ ಯುರೋಪಿನ ನಿಯಮ 2025ರ ಜೂನ್ 20ರಿಂದ ಜಾರಿಗೆ ಬಂದಿತು. ದೊಡ್ಡ ಕಂಪನಿಗಳಲ್ಲಿ ಒಂದೆರಡು ತಮ್ಮ ದುಬಾರಿ ಫೋನುಗಳಿಗೆ 7 ವರ್ಷದ ಮಾತು ಕೊಟ್ಟಿವೆ. ನಮ್ಮ ಕೇಂದ್ರ ಸರಕಾರ ರಿಪೇರಿಯ ಹಕ್ಕಿನ ಬಗ್ಗೆ 2022ರಲ್ಲಿ ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಆದರೆ ಚಿಕ್ಕೋಡಿಯ ಪೇಟೆಯಲ್ಲಿ ಮಾರುವ ಅಗ್ಗದ ಫೋನಿನ ಡಬ್ಬಿಯ ಮೇಲೆ ಎಷ್ಟು ವರ್ಷದ ಅಪ್‌ಡೇಟೆಂದು ಅಚ್ಚು ಹಾಕಿದ್ದನ್ನು ನಾನು ನೋಡಿಲ್ಲ. ಔಷಧದ ಶೀಶೆಯ ಮೇಲೆ ಅವಧಿ ಬರೆಯುವಂತೆ ಇದನ್ನೂ ಬರೆಯಬಾರದೇಕೆ?

ಇಷ್ಟೆಲ್ಲ ಮನಸ್ಸಿನಲ್ಲಿ ತಿರುವಿಹಾಕುವಷ್ಟರಲ್ಲಿ ಗಾಡಿ ಕುಡಚಿಯ ಆಚೆ ಕೃಷ್ಣೆಯನ್ನು ದಾಟಿ ಉಗಾರವನ್ನೂ ಬಿಟ್ಟು ಶೇಡಬಾಳಕ್ಕೆ ಬಂದಿತ್ತು. ಮಹಾರಾಷ್ಟ್ರಕ್ಕೆ ಸ್ವಾಗತವೆಂಬ ಸಂದೇಶ ಎಲ್ಲರ ಜೇಬಿನಲ್ಲೂ ಒಮ್ಮೆ ಗುಂಯ್‌ಗುಟ್ಟಿತು. ಹಣವೇನೂ ಹೋಗಲಿಲ್ಲ. ಮಾಸ್ತರರು ಫೋನನ್ನು ಹೊರತೆಗೆದರು. ಅಪ್‌ಡೇಟಿನ ಸೂಚನೆ ಮತ್ತೆ ಮೇಲೆ ಬಂದು ಕುಳಿತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ತರುಣನ ಕಡೆಗೆ ಚಾಚಿದರು.

"ಮಿರಜ ಬರೂದರೊಳಗ ಆಗ್ತೈತೇನೊ ತಮ್ಮಾ?"

"ಅರ್ಧಾ ತಾಸರೆ ಬೇಕ್ರಿ. ಚಾರ್ಜ್ ಎಷ್ಟ ಐತ್ರೀ?"

"ಹನ್ನೆರಡು."

"ಹಂಗಾರ ಈಗ ಬ್ಯಾಡ್ರಿ ಸರ. ಮನಿಗಿ ಹೋಗಿ ಮಾಡ್ರಿ."

ಮಾಸ್ತರರು ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೊಂಡು, ಈ ವರ್ಷ ಕಬ್ಬಿಗೆ ಏನು ದರ ಕೊಟ್ಟಾರು ಎಂದು ಕೇಳಿದರು.