ಸಹಿಯಿಲ್ಲದ ಗಾಜು

ಮೇಜಿನ ಮೇಲಿನ ಕಾಗದಗಳು ಹಾರದಂತೆ ಇಡುವ ಗಾಜಿನ ಗುಂಡಿಗೂ ಒಂದು ವೈಭವದ ಕಾಲವಿತ್ತು. 1845ರಿಂದ ಸುಮಾರು 15 ವರ್ಷಗಳ ಕಾಲ ಫ್ರಾನ್ಸಿನ ಬಕಾರಾ, ಸೇಂಟ್ ಲೂಯಿ, ಕ್ಲಿಷಿ ಕಾರ್ಖಾನೆಗಳ ಕುಶಲಕರ್ಮಿಗಳು ಬಣ್ಣದ ಗಾಜಿನ ಕಡ್ಡಿಗಳನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಹೂವಿನಂತೆ ಜೋಡಿಸಿ, ಮೇಲೆ ತಿಳಿಗಾಜು ಹೊದಿಸಿ ಪೇಪರ್‌ವೇಟುಗಳನ್ನು ಮಾಡಿದರು. ಬಕಾರಾದ ಅನೇಕ ಗುಂಡುಗಳೊಳಗೆ ‘ಬಿ’ ಎಂಬ ಅಕ್ಷರವೂ 1846, 1847, 1848 ಅಥವಾ 1849 ಎಂಬ ಇಸವಿಯೂ ಕಾಣುತ್ತವೆ. ಕ್ಲಿಷಿಯವರು ಪುಟ್ಟ ಗುಲಾಬಿಯಿಂದ ಹೆಸರಾದರು. ಭೂತಗನ್ನಡಿ ಹಿಡಿದ ಸಂಗ್ರಾಹಕನಿಗೆ ಗಾಜೇ ತನ್ನ ತವರನ್ನು ಹೇಳಿಬಿಡುತ್ತದೆ.

ನಮ್ಮ ನಾಡಿನ ಹಳೆಯ ಗಾಜಿಗೆ ಇಂಥ ಸಹಿಯಿಲ್ಲ. ಆದರೂ ಅದನ್ನು ಮಾಡಿದವರ ಜಾಡು ಹಿಡಿಯುವ ಕೆಲಸ ನಮ್ಮ ಕೊಲ್ಹಾಪುರದಲ್ಲೇ ನಡೆದಿದೆ. ಅದರ ಮೊದಲ ಪುಟದಲ್ಲಿ ಒಬ್ಬ ಕನ್ನಡಿಗರ ಹೆಸರಿದೆ ಎಂಬುದು ಸಂಘದ ಬಾಂಧವರಿಗೆ ಅಭಿಮಾನದ ಸಂಗತಿ.

ಆ ಕನ್ನಡಿಗರು ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು. ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿ 1939ರಲ್ಲಿ ಪ್ರಕಟಿಸಿದವರು. 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ ಅವರು ಅಗೆತಕ್ಕೆ ಕೈಹಾಕಿದರು. ಅಲ್ಲಿ ದೊರೆತ ಕಂಚಿನ ಸಾಮಗ್ರಿಗಳಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ವಿಗ್ರಹ ಜಗತ್ತಿನ ಗಮನ ಸೆಳೆಯಿತು. ಬಳಿಕ 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಮತ್ತು ಎಂ. ಜಿ. ದೀಕ್ಷಿತರು ಅಲ್ಲಿ ಕ್ರಮಬದ್ಧ ಉತ್ಖನನ ನಡೆಸಿದರು. ಕೆಳಗೆ ಶಾತವಾಹನರ ಕಾಲದ ಊರು, ಮೇಲೆ ಬಹಮನಿ ಕಾಲದ ನೆಲೆ. ಆ ಮೇಲಿನ ಪದರಗಳಲ್ಲಿ ಬಣ್ಣಬಣ್ಣದ ಗಾಜಿನ ಬಳೆಯ ಚೂರುಗಳು ಸಿಕ್ಕವು.

ಕಂಚಿನ ದೇವರಿಗೆ ದೊರೆತ ಕೀರ್ತಿ ಬಳೆಚೂರಿಗೆ ದೊರೆಯಲಿಲ್ಲ. ಆದರೆ ದೀಕ್ಷಿತರು ಗಾಜಿನ ಬೆನ್ನು ಬಿಡಲಿಲ್ಲ. ಅವರು ಬರೆದ ಭಾರತೀಯ ಗಾಜಿನ ಇತಿಹಾಸವನ್ನು ಮುಂಬಯಿ ವಿಶ್ವವಿದ್ಯಾಲಯ 1969ರಲ್ಲಿ ಪ್ರಕಟಿಸಿತು.

ಚೂರು ಏನನ್ನು ಹೇಳಬಲ್ಲುದು? ಬೆಸುಗೆಯ ಗುರುತಿದ್ದರೆ ಗಾಜಿನ ಎಳೆಯನ್ನು ಬಗ್ಗಿಸಿ ತುದಿಗಳನ್ನು ಕೂಡಿಸಿದ್ದಾರೆ. ಗುರುತಿಲ್ಲದಿದ್ದರೆ ಕಬ್ಬಿಣದ ಕೋಲಿನ ಮೇಲಿನ ಬಿಸಿ ಗಾಜಿನ ಮುದ್ದೆಯನ್ನು ಶಂಕುವಿನಾಕಾರದ ಅಚ್ಚಿನ ಮೇಲೆ ತಿರುಗಿಸಿ ಹಿಗ್ಗಿಸಿರಬಹುದು. ಗಾಜನ್ನು ಕರಗಿಸಲು ಬಳಸಿದ ಕ್ಷಾರ ಸೌಳು ಮಣ್ಣಿನದೋ ಗಿಡದ ಬೂದಿಯದೋ ಎಂಬುದನ್ನು ರಾಸಾಯನಿಕ ಪರೀಕ್ಷೆ ಸೂಚಿಸುತ್ತದೆ. ಇನ್ನು ಕುಲುಮೆಗಳ ವಿಚಾರ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಈಗಿನ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಬಳೆಗಾಜಿನ ತಯಾರಿಕೆಯನ್ನು ವರ್ಣಿಸಿದ್ದಾನೆ. ಹಾಗೆಂದು ಬಣ್ಣ ಹೋಲಿತೆಂಬ ಒಂದೇ ಕಾರಣಕ್ಕೆ ನಮ್ಮ ಚೂರನ್ನು ಮತ್ತೋಡಿಗೆ ಕಟ್ಟಲಾಗದು. ಇವೆರಡರ ನಡುವೆ ಶತಮಾನಗಳ ಅಂತರವಿದೆ.

ಆದ್ದರಿಂದ ಸಹಿಯಿಲ್ಲದ ಗಾಜಿಗೆ ಅದು ಸಿಕ್ಕ ಸ್ಥಳವೇ ಸಹಿ. ಬಕಾರಾದ ಗುಂಡು ಯಾರ ಮನೆಯಲ್ಲಿದ್ದರೂ ಬಕಾರಾದ್ದೇ. ಬ್ರಹ್ಮಪುರಿಯ ಚೂರನ್ನು ಚೆಂದವೆಂದು ಎತ್ತಿ ಜೇಬಿಗೆ ಹಾಕಿಕೊಂಡರೆ, ಮರುಕ್ಷಣದಿಂದ ಅದು ಯಾವ ಊರಿನದೂ ಅಲ್ಲ, ಯಾವ ಕಾಲದ್ದೂ ಅಲ್ಲ. ಸಂಗ್ರಹದ ಹವ್ಯಾಸ ಇತಿಹಾಸವನ್ನು ಉಳಿಸುವಂತೆ ಅಳಿಸಲೂಬಲ್ಲದು.

ಈ ಮಾತು ಮನೆಯ ಗಾಜಿಗೂ ಸಲ್ಲುತ್ತದೆ. ಉಡಿ ತುಂಬಿದ ಹಸಿರು ಬಳೆ, ಕರಾಡದ ಬಳಿಯ ಓಗಲೆವಾಡಿಯಲ್ಲಿ 1916ರಲ್ಲಿ ಆರಂಭವಾದ ಕಾರ್ಖಾನೆಯ ‘ಪ್ರಭಾಕರ’ ಕಂದೀಲು, ಅಜ್ಜನ ಮೇಜಿನ ಗಾಜಿನ ಗುಂಡು — ಇಚಲಕರಂಜಿ, ಗಡಹಿಂಗ್ಲಜಗಳ ಅಟ್ಟಗಳಲ್ಲಿ ಇಂಥವು ಇನ್ನೂ ಇದ್ದಾವು. ಎಲ್ಲಿ ಕೊಂಡದ್ದು, ಯಾರು ತಂದದ್ದು, ಯಾವ ಕಾಲದ್ದು ಎಂದು ಹಿರಿಯರನ್ನು ಕೇಳಿ, ನಾಲ್ಕು ಸಾಲು ಬರೆದು ವಸ್ತುವಿನ ಜೊತೆಗಿಡೋಣ. ಟೌನ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದು ಬ್ರಹ್ಮಪುರಿಯ ಅವಶೇಷಗಳನ್ನು ತೋರಿಸೋಣ. ಕುಂದಣಗಾರರು ಕಲ್ಲಿನ ಅಕ್ಷರಗಳನ್ನು ಓದಿಕೊಟ್ಟರು. ಅಕ್ಷರವಿಲ್ಲದ ಈ ವಸ್ತುಗಳಿಗೆ ಅಕ್ಷರ ಜೋಡಿಸುವುದು ನಮ್ಮ ಪಾಲಿನ ಕೆಲಸ.