ಹೊರಗಿನಿಂದ ಒಂದು ತಿರುವು

ಬಸಿರಿನ ಕೊನೆಯ ವಾರಗಳಲ್ಲಿ ಹೆಚ್ಚಿನ ಶಿಶುಗಳು ತಾವಾಗಿಯೇ ತಲೆ ಕೆಳಗಾಗಿ ನೆಲೆಗೊಳ್ಳುತ್ತವೆ. ದಿನ ತುಂಬಿದರೂ ನೂರರಲ್ಲಿ ಮೂರು ನಾಲ್ಕು ಶಿಶುಗಳು ಪೃಷ್ಠವನ್ನೋ ಕಾಲನ್ನೋ ಕೆಳಗಿಟ್ಟುಕೊಂಡೇ ಉಳಿಯುತ್ತವೆ. ವೈದ್ಯರು ಇದನ್ನು ಬ್ರೀಚ್ ಎನ್ನುತ್ತಾರೆ. ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟು ಹೊರಗಿನಿಂದಲೇ ಒತ್ತಿ, ಇಂಥ ಶಿಶುವಿನ ತಲೆಯನ್ನು ಕೆಳಕ್ಕೆ ತರುವ ಕ್ರಮವೊಂದಿದೆ. ಅದು ಫಲಿಸಿದರೆ ಬಹುಪಾಲು ತಾಯಂದಿರು ಸಹಜವಾಗಿ ಹೆರುತ್ತಾರೆ. ಕೇಳಲು ಸರಳವಾದ ಈ ಉಪಾಯ ಪಾಶ್ಚಾತ್ಯ ವೈದ್ಯದಲ್ಲಿ ನೆಲೆಯೂರಿದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಶಿಶುವನ್ನು ತಿರುಗಿಸುತ್ತಿರಲಿಲ್ಲವೆಂದಲ್ಲ. ತಿರುಗಿಸುತ್ತಿದ್ದರು, ಆದರೆ ಒಳಗಿನಿಂದ, ಮತ್ತು ಹೆಚ್ಚಾಗಿ ಕಾಲಿನ ಕಡೆಗೆ.

ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದು ಬಂದ ಗ್ರೀಕ್ ಬರಹಗಳು ಅಡ್ಡವಾಗಿ ಸಿಕ್ಕಿಕೊಂಡ ಶಿಶುವನ್ನು ಕಿರುಬಾಯಿಯ ಪಾತ್ರೆಯೊಳಗಿನ ಆಲಿವ್ ಬೀಜಕ್ಕೆ ಹೋಲಿಸುತ್ತವೆ. ಸುಶ್ರುತಸಂಹಿತೆ ಈ ತೊಡಕನ್ನು ಮೂಢಗರ್ಭ ಎಂದು ಕರೆದು ಕೀಲ, ಪ್ರತಿಖುರ, ಬೀಜಕ, ಪರಿಘ ಎಂಬ ಬಗೆಗಳನ್ನು ಹೆಸರಿಸುತ್ತದೆ. ಪರಿಘವೆಂದರೆ ಬಾಗಿಲಿಗೆ ಅಡ್ಡ ಹಾಕುವ ಅಗುಳಿ. ಹಾಗೆ ಅಡ್ಡವಾದ ಶಿಶುವಿನ ಕೆಳಭಾಗವನ್ನು ಮೇಲೆತ್ತಿ ಮೇಲ್ಭಾಗವನ್ನು ಹೆರಿಗೆಯ ದಾರಿಗೆ ನೇರ ಮಾಡಬೇಕು. ಪೃಷ್ಠ ಮುಂದಾಗಿದ್ದರೆ ಅದನ್ನು ಮೇಲಕ್ಕೊತ್ತಿ, ಕಾಲುಗಳನ್ನು ಚಾಚಿ ಹೊರತೆಗೆಯಬೇಕು ಎನ್ನುತ್ತದೆ ಚಿಕಿತ್ಸಾಸ್ಥಾನ. ಈ ಕೆಲಸಕ್ಕೆ ಕೈಹಾಕುವ ಮುನ್ನ ‘ಅಧಿಪತಿ’ಯ ಅಪ್ಪಣೆ ಪಡೆಯಬೇಕೆಂದೂ ಅಲ್ಲಿ ಹೇಳಿದೆ. ಅಧಿಪತಿ ಎಂದರೆ ಒಡೆಯ. ನೋವು ತಿನ್ನುತ್ತಿರುವವಳ ಪ್ರಸ್ತಾಪ ಆ ಮಾತಿನಲ್ಲಿಲ್ಲ.

ಯುರೋಪಿನಲ್ಲಿ 2ನೇ ಶತಮಾನದ ಸೊರಾನಸ್ ಬರೆದಿಟ್ಟಿದ್ದ ಕಾಲು ಹಿಡಿದು ತಿರುಗಿಸುವ ವಿಧಾನವನ್ನು 1549ರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಆಂಬ್ರುವಾಸ್ ಪಾರೆ ಮತ್ತೆ ಬಳಕೆಗೆ ತಂದ. 1690ರಲ್ಲಿ ಪ್ರಸವಶಾಸ್ತ್ರದ ಪುಸ್ತಕ ಪ್ರಕಟಿಸಿದ ಯುಸ್ಟೀನಾ ಸೀಗಮುಂಡ್ ಜರ್ಮನ್ ನಾಡಿನ ಸೂಲಗಿತ್ತಿ. ಇಬ್ಬರು ಹೆಂಗಸರ ಸಂವಾದದ ರೂಪದಲ್ಲಿರುವ ಆ ಪುಸ್ತಕದಲ್ಲಿ ಎರಡು ಕೈಗಳ ಉಪಾಯವೊಂದಿದೆ. ಶಿಶುವಿನ ಕಾಲಿಗೆ ಪಟ್ಟಿ ಕಟ್ಟಿ ಒಂದು ಕೈ ಎಳೆಯುತ್ತಿದ್ದರೆ, ಇನ್ನೊಂದು ಕೈ ಒಳಗಿನಿಂದ ತಲೆಯನ್ನು ಮೇಲಕ್ಕೆ ದೂಡಬೇಕು. ಕಾಲೇ ಏಕೆಂದರೆ, ಅದು ಹಿಡಿತಕ್ಕೆ ಸಿಗುತ್ತದೆ. ಹೊಟ್ಟೆ ಕೊಯ್ದರೆ ತಾಯಿ ಬದುಕುವುದೇ ಅಪರೂಪವಾಗಿದ್ದ ಕಾಲದಲ್ಲಿ, ಶಿಶು ಅಡ್ಡ ನಿಂತಿತೆಂದರೆ ಬೇಗ ಎಳೆದು ಹೊರತೆಗೆಯುವುದೊಂದೇ ದಾರಿ. ಈ ತಿರುವು ಎಳೆಯುವುದಕ್ಕಾಗಿ ಮಾಡಿದ ತಿರುವು.

ಹೊರಗಿನಿಂದ ತಿರುಗಿಸಬೇಕಾದರೆ ಒಳಗೆ ಶಿಶು ಹೇಗಿದೆಯೆಂದು ಹೆರಿಗೆಗೆ ಮೊದಲೇ ತಿಳಿದಿರಬೇಕು. 1807ರಲ್ಲಿ ಜರ್ಮನ್ ವೈದ್ಯ ಯುಸ್ಟಸ್ ಹೈನ್ರಿಖ್ ವಿಗಾಂಡ್ ಹೊಟ್ಟೆಯ ಮೇಲಿನಿಂದಲೇ ಶಿಶುವನ್ನು ತಿರುಗಿಸುವ ಕ್ರಮವನ್ನು ವಿವರಿಸಿದ. 1878ರಲ್ಲಿ ಪ್ಯಾರಿಸಿನ ಅಡಾಲ್ಫ್ ಪಿನಾರ್ ಹೊಟ್ಟೆಯನ್ನು ಮುಟ್ಟಿ ತಲೆ, ಬೆನ್ನು, ಪೃಷ್ಠಗಳನ್ನು ಗುರುತಿಸುವುದರ ಬಗ್ಗೆಯೇ ಒಂದು ಗ್ರಂಥ ಬರೆದ. ಶಿಶುವಿನ ಎದೆಬಡಿತ ಕೇಳಲು ಹೊಟ್ಟೆಗಿಡುವ ಕಹಳೆಯಾಕಾರದ ನಳಿಕೆಗೂ ಅವನದೇ ಹೆಸರಿದೆ. ಈಗ ತಿರುಗಿಸುವುದು ತಲೆಯ ಕಡೆಗೆ. ತಿರುಗಿಸಿದ ಮೇಲೆ ವೈದ್ಯನಿಗೆ ಎಳೆಯುವ ಕೆಲಸವಿಲ್ಲ. ಹೆರಿಗೆ ತಾನಾಗಿ ಬರುವವರೆಗೆ ಕಾಯಬೇಕು.

20ನೇ ಶತಮಾನದಲ್ಲಿ ಈ ಕೌಶಲ ಬಹುಮಟ್ಟಿಗೆ ಮರೆಯಾಗುವುದರಲ್ಲಿತ್ತು. ಕೆಲವರು ಅರಿವಳಿಕೆ ಕೊಟ್ಟು ತಿರುಗಿಸುತ್ತಿದ್ದರು. ತಾಯಿಗೆ ನೋವೇ ತಿಳಿಯದಿದ್ದಾಗ ಎಷ್ಟು ಬಲ ಹಾಕಿದರೆ ಹೆಚ್ಚಾಯಿತೆಂದು ಎಚ್ಚರಿಸುವವರು ಯಾರು? ಶಿಶುಗಳು ಸತ್ತ ವರದಿಗಳು ಬಂದವು. ಅಷ್ಟರಲ್ಲಿ ಸಿಸೇರಿಯನ್ ಸುರಕ್ಷಿತವಾಗಿತ್ತು. ಹಲವರು ಈ ಕ್ರಮವನ್ನು ಕೈಬಿಟ್ಟರು. 1975ರಲ್ಲಿ ಬರ್ಲಿನ್ನಿನ ಎರಿಕ್ ಝಾಲಿಂಗ್ ಮತ್ತು ಸಂಗಡಿಗರು ಗರ್ಭಕೋಶವನ್ನು ಸಡಿಲಿಸುವ ಔಷಧ ಕೊಟ್ಟು, ದಿನ ತುಂಬುವ ಹೊತ್ತಿಗೆ ತಿರುಗಿಸುವ ಕ್ರಮವನ್ನು ಪ್ರಕಟಿಸಿದರು. ಕಾಯುವುದರಿಂದ ಎರಡು ಲಾಭ: ತಾನಾಗಿ ತಿರುಗುವ ಶಿಶುಗಳು ಆ ವೇಳೆಗೆ ತಿರುಗಿರುತ್ತವೆ, ತೊಂದರೆಯಾದರೆ ಕೂಡಲೇ ಹೊರತೆಗೆಯುವಷ್ಟು ಶಿಶು ಬೆಳೆದಿರುತ್ತದೆ.

2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೇರಿ ಹಾನಾ ಮತ್ತು ಸಂಗಡಿಗರು 26 ದೇಶಗಳ 2,088 ಬ್ರೀಚ್ ಬಸುರಿಯರ ಅಧ್ಯಯನವನ್ನು ಪ್ರಕಟಿಸಿದರು. ಸಹಜ ಹೆರಿಗೆಗೆ ಯೋಜಿಸಿದ ಗುಂಪಿನಲ್ಲಿ ಶೇ. 5.0ರಷ್ಟು ಶಿಶುಗಳು ಸತ್ತವು ಅಥವಾ ತೀವ್ರ ತೊಂದರೆಗೆ ಒಳಗಾದವು. ಸಿಸೇರಿಯನ್ ಗುಂಪಿನಲ್ಲಿ ಇದು ಶೇ. 1.6. ಹಲವು ದೇಶಗಳಲ್ಲಿ ಬ್ರೀಚ್ ಎಂದರೆ ಸಿಸೇರಿಯನ್ ಎಂದಾಯಿತು. ಎರಡು ವರ್ಷದ ನಂತರ ಆ ಮಕ್ಕಳಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಸಾವು ಅಥವಾ ಬೆಳವಣಿಗೆಯ ಹಿನ್ನಡೆಯಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಕಾಣಲಿಲ್ಲವೆಂದು 2004ರಲ್ಲಿ ವರದಿಯಾಯಿತು. ಆ ಹೊತ್ತಿಗೆ ಬ್ರೀಚ್ ಹೆರಿಗೆ ಮಾಡಿಸಬಲ್ಲ ಕೈಗಳು ಕಡಿಮೆಯಾಗತೊಡಗಿದ್ದವು. ಸಹಜವಾಗಿ ಹೆರಬೇಕೆನ್ನುವವಳಿಗೆ ವಿಗಾಂಡನ ತಿರುವು ಮತ್ತೆ ಮುಖ್ಯವಾಯಿತು.

ಈಗ ಸಾಮಾನ್ಯವಾಗಿ 36–37 ವಾರದ ಮೇಲೆ, ಅಲ್ಟ್ರಾಸೌಂಡಿನಲ್ಲಿ ನೋಡಿ, ಎದೆಬಡಿತ ಗಮನಿಸುತ್ತಾ ತಿರುಗಿಸುತ್ತಾರೆ. ಸುಮಾರು ಅರ್ಧದಷ್ಟು ಪ್ರಯತ್ನಗಳು ಫಲಿಸುತ್ತವೆ. ಚೊಚ್ಚಲ ಬಸಿರಿನಲ್ಲಿ ಇನ್ನೂ ಕಡಿಮೆ. ಸುಮಾರು 200ರಲ್ಲಿ ಒಬ್ಬರಿಗೆ ತುರ್ತು ಸಿಸೇರಿಯನ್ ಬೇಕಾಗಬಹುದು. ಇದನ್ನೆಲ್ಲ ಮೊದಲೇ ತಾಯಿಗೆ ಹೇಳಿ, ಅವಳು ಒಪ್ಪಿದ ಮೇಲೆಯೇ ಹೊಟ್ಟೆಯ ಮೇಲೆ ಕೈಯಿಡಬೇಕು. ಒತ್ತುವಾಗ ತಾಳಲಾರೆ, ಸಾಕು ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಅಧಿಪತಿಯನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಅವಳನ್ನೇ ಕೇಳಬೇಕು.