ದೀರ್ಘಾವಧಿ ದತ್ತಾಂಶ ವಿಶ್ಲೇಷಣೆ

ದೀರ್ಘಾವಧಿ ದತ್ತಾಂಶ ವಿಶ್ಲೇಷಣೆ: ಒಬ್ಬರೇ ವ್ಯಕ್ತಿಯಿಂದ ತಿಂಗಳು, ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಪಡೆದ ಅಳತೆಗಳನ್ನು ಒಟ್ಟಾಗಿ ಓದುವ ಸಂಖ್ಯಾಶಾಸ್ತ್ರದ ವಿಧಾನಗಳು. ಔಷಧದ ಫಲ ಎಷ್ಟು ಕಾಲಕ್ಕೆ ಕಾಣುತ್ತದೆ, ರೋಗ ಯಾರಲ್ಲಿ ಬೇಗ ಬಲಿಯುತ್ತದೆ, ಮಗು ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆಗಳಿಗೆ ಒಂದೇ ಸಲದ ಸಮೀಕ್ಷೆ ಉತ್ತರ ಕೊಡಲಾರದು. ಹತ್ತು ವರ್ಷದವರನ್ನೂ ಇಪ್ಪತ್ತು ವರ್ಷದವರನ್ನೂ ಒಂದೇ ದಿನ ಅಳೆದರೆ ತಿಳಿಯುವುದು ಎರಡು ಗುಂಪುಗಳ ನಡುವಿನ ವ್ಯತ್ಯಾಸ; ಒಬ್ಬ ಮನುಷ್ಯನಲ್ಲಿ ಆದ ಬದಲಾವಣೆ ಅಲ್ಲ.

ಈ ವಿಧಾನಗಳ ಅಗತ್ಯ ಎಷ್ಟೆಂಬುದನ್ನು ಕೇರಳದ ವಯನಾಡು ಜಿಲ್ಲೆಯ ಸಿಕಲ್ ಸೆಲ್ ಕಾಯಿಲೆ ಚೆನ್ನಾಗಿ ತೋರಿಸುತ್ತದೆ. ಇದು ಹುಟ್ಟಿನಿಂದ ಕೊನೆಯವರೆಗೂ ಜೊತೆಗಿರುವ ರಕ್ತದ ರೋಗ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ತಡೆಯಲಾರದ ನೋವು ಬರುತ್ತದೆ. ಭಾರತದಲ್ಲಿ ಇದರ ಗುರುತು ಮೊದಲು ಸಿಕ್ಕಿದ್ದು ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ. ವಯನಾಡಿನಲ್ಲಿ ಪಣಿಯ, ಅಡಿಯ, ಕುರುಮ ಸಮುದಾಯಗಳಲ್ಲೂ ವಯನಾಡನ್ ಚೆಟ್ಟಿಗಳಲ್ಲೂ ಇದು ಕಂಡುಬರುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ 8.17 ಲಕ್ಷ ಜನರಲ್ಲಿ ಸುಮಾರು ಶೇ. 18.5 ಮಂದಿ ಪರಿಶಿಷ್ಟ ಪಂಗಡದವರು; ಕೇರಳದ ಬೇರಾವ ಜಿಲ್ಲೆಯಲ್ಲೂ ಅವರ ಪಾಲು ಇಷ್ಟಿಲ್ಲ. ಮುಟ್ಟಿಲ್‌ನ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್‌ಗೆ 1980ರಲ್ಲಿ ನಾಗಪುರದಿಂದ ಬಂದ ಡಾ. ಧನಂಜಯ ಸಗದೇವ್ ಈ ರೋಗದ ಪತ್ತೆ ಮತ್ತು ಚಿಕಿತ್ಸೆಗೆ ದಶಕಗಳ ಕಾಲ ದುಡಿದವರು; 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಒಬ್ಬ ಹುಡುಗಿಯ ಚಿಕಿತ್ಸಾ ಕಾರ್ಡನ್ನು ಕಲ್ಪಿಸಿಕೊಳ್ಳೋಣ. ಜೂನ್‌ನಲ್ಲಿ ಹಿಮೋಗ್ಲೋಬಿನ್ 7.8, ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಶುರು. ಆಗಸ್ಟ್‌ನಲ್ಲಿ 8.1, ಅಕ್ಟೋಬರ್‌ನಲ್ಲಿ 8.9. ಡಿಸೆಂಬರ್ ಖಾಲಿ, ಫೆಬ್ರವರಿ ಖಾಲಿ. ಏಪ್ರಿಲ್‌ನಲ್ಲಿ 7.4; ಎದುರಿಗೆ 'ಕೈಕಾಲು ನೋವು' ಎಂಬ ಬರಹ. ಖಾಲಿ ಬಿದ್ದ ತಿಂಗಳುಗಳು ಕೊಡಗಿನ ಕಾಫಿ ಕೊಯ್ಲಿನ ಕಾಲ. ಮನೆಮಂದಿಯೆಲ್ಲ ಕೂಲಿಗೆ ಗಡಿ ದಾಟಿದ್ದಾರೆ. ಈ ಒಂದು ಕಾರ್ಡಿನಲ್ಲೇ ಶಾಸ್ತ್ರದ ಮುಖ್ಯ ತೊಡಕುಗಳೆಲ್ಲ ಇವೆ.

ಮೊದಲನೆಯದು, ಒಬ್ಬರ ಅಳತೆಗಳು ಒಂದನ್ನೊಂದು ಹೋಲುತ್ತವೆ. 40 ರೋಗಿಗಳನ್ನು ಆರಾರು ಸಲ ಅಳೆದರೆ 240 ಅಂಕಿಗಳು ಕೈಗೆ ಬರುತ್ತವೆ. ಆದರೆ ಒಬ್ಬರದೇ ಎರಡು ಅಳತೆಗಳ ನಡುವಿನ ಸಹಸಂಬಂಧ 0.6 ಇದ್ದರೆ, ಗುಂಪಿನ ಸರಾಸರಿ ಹೇಳುವ ಮಟ್ಟಿಗೆ ಅವುಗಳ ಬೆಲೆ 60 ಬಿಡಿ ಜನರ ಅಳತೆಗಳಷ್ಟೇ. ಇದನ್ನು ಮರೆತು 240 ಬೇರೆ ಬೇರೆ ಜನರಿದ್ದಂತೆ ಲೆಕ್ಕ ಹಾಕುವುದು ಇವತ್ತಿಗೂ ಪ್ರಬಂಧಗಳಲ್ಲಿ ಕಾಣುವ ತಪ್ಪು. ಬದಲಾವಣೆಯನ್ನು ಅಳೆಯುವಾಗ ಇದೇ ಸಹಸಂಬಂಧ ನೆರವಿಗೆ ಬರುತ್ತದೆ: ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸುವುದರಿಂದ ಜನರ ನಡುವಿನ ಸಹಜ ಅಂತರ ಲೆಕ್ಕದಿಂದ ಹೊರಗುಳಿಯುತ್ತದೆ.

ಈ ಸಹಸಂಬಂಧವನ್ನು ನಿಭಾಯಿಸಲು ಎರಡು ದಾರಿಗಳು ಬಳಕೆಯಲ್ಲಿವೆ. ಲೇರ್ಡ್ ಮತ್ತು ವೇರ್ 1982ರಲ್ಲಿ ವೈದ್ಯಕೀಯಕ್ಕೆ ಹೊಂದಿಸಿಕೊಟ್ಟ ಮಿಶ್ರ ಪರಿಣಾಮ ಮಾದರಿಯಲ್ಲಿ ಗುಂಪಿಗೊಂದು ಸರಾಸರಿ ರೇಖೆ ಇರುತ್ತದೆ. ಪ್ರತಿ ರೋಗಿಗೂ ತನ್ನದೇ ಆರಂಭಮಟ್ಟ, ತನ್ನದೇ ಇಳಿಜಾರು. ಎರಡೇ ಸಲ ಬಂದವರ ರೇಖೆಯನ್ನು ಮಾದರಿ ಗುಂಪಿನ ರೇಖೆಯತ್ತ ಹೆಚ್ಚು ಎಳೆಯುತ್ತದೆ, ಹತ್ತು ಸಲ ಬಂದವರನ್ನು ಅವರ ಪಾಡಿಗೆ ಬಿಡುತ್ತದೆ. ಲಿಯಾಂಗ್ ಮತ್ತು ಝೀಗರ್ 1986ರಲ್ಲಿ ಮುಂದಿಟ್ಟ ಸಾಮಾನ್ಯೀಕೃತ ಅಂದಾಜು ಸಮೀಕರಣಗಳು ವ್ಯಕ್ತಿಯನ್ನು ಬಿಟ್ಟು ಇಡೀ ಸಮುದಾಯದ ಸರಾಸರಿ ಫಲವನ್ನು ಹೇಳುತ್ತವೆ. ರೋಗಿಯ ಎದುರು ಕೂತ ವೈದ್ಯರಿಗೆ ಮೊದಲನೆಯದು, ಜಿಲ್ಲೆಗೆ ಎಷ್ಟು ಮಾತ್ರೆ ತರಿಸಬೇಕೆಂದು ಯೋಚಿಸುವವರಿಗೆ ಎರಡನೆಯದು ಹೆಚ್ಚು ಒದಗುತ್ತದೆ. ಈ ಚಿಂತನೆಯ ಬೇರುಗಳಲ್ಲಿ ಒಂದು ನಮ್ಮದೇ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರದು, ಬೆಳವಣಿಗೆಯ ರೇಖೆಗಳನ್ನು ಹೋಲಿಸುವ ಬಗ್ಗೆ ಅವರು 1958ರಲ್ಲೂ 1965ರಲ್ಲೂ ಬರೆದ ಲೇಖನಗಳು ಮುಂದಿನವರಿಗೆ ಬುನಾದಿಯಾದವು.

ಅತಿ ಕಷ್ಟದ ಭಾಗ ಕಾರ್ಡಿನ ಖಾಲಿ ಮನೆಗಳು. ಡೊನಾಲ್ಡ್ ರೂಬಿನ್ 1976ರಲ್ಲಿ ಇವುಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದರು. ಮಳೆಗೆ ರಸ್ತೆ ಕುಸಿದು ಯಾರೂ ಬರಲಾಗದಿದ್ದರೆ ಆ ಗೈರುಹಾಜರಿಗೂ ರೋಗಕ್ಕೂ ಸಂಬಂಧವಿಲ್ಲ. ಮಾಹಿತಿ ಕಡಿಮೆಯಾದೀತು, ಉತ್ತರ ವಾಲುವುದಿಲ್ಲ. ಹಿಂದಿನ ಅಳತೆ ಚೆನ್ನಾಗಿತ್ತೆಂದು ಕೆಲಸಕ್ಕೆ ಹೋದವರ ಗೈರುಹಾಜರಿಯ ಕಾರಣ ಕಾರ್ಡಿನಲ್ಲೇ ಇದೆ. ಸರಿಯಾಗಿ ಕಟ್ಟಿದ ಮಿಶ್ರ ಮಾದರಿ ಇದನ್ನು ತಾಳಿಕೊಳ್ಳುತ್ತದೆ, ಅಂದಾಜು ಸಮೀಕರಣಗಳಿಗೆ ವಿಶೇಷ ತೂಕ ಸೇರಿಸಬೇಕಾಗುತ್ತದೆ. ಅಂದೇ ನೋವು ಕೆರಳಿ ಮನೆಯಲ್ಲಿ ಮಲಗಿದವರ ಅಳತೆ ತಪ್ಪಿದ್ದು ಆ ಕಾಣದ ಅಳತೆಯ ಕಾರಣಕ್ಕೇ. ಅಲ್ಲಿ ಯಾವ ಸೂತ್ರವೂ ತಾನಾಗಿ ಸರಿಪಡಿಸದು. ಬೇರೆ ಬೇರೆ ಊಹೆಗಳಲ್ಲಿ ಲೆಕ್ಕವನ್ನು ಮತ್ತೆ ಮಾಡಿ, ಉತ್ತರ ಎಷ್ಟು ಕದಲುತ್ತದೆ ಎಂದು ನೋಡಬೇಕು. ಕೊನೆಯ ಅಂಕಿಯನ್ನೇ ಮುಂದಿನ ಖಾಲಿ ಮನೆಗಳಿಗೆಲ್ಲ ತುಂಬುವ ಹಳೆಯ ರೂಢಿಯನ್ನು ಕೈಬಿಡುವುದೇ ಲೇಸು. ಮೇಲಿನ ಕಾರ್ಡಿನಲ್ಲಿ ಹಾಗೆ ಮಾಡಿದರೆ ಹುಡುಗಿ ಇಡೀ ಚಳಿಗಾಲ 8.9ರಲ್ಲಿ ಸುಖವಾಗಿದ್ದಳೆಂದು ಬರೆದಂತಾಗುತ್ತದೆ.

ಇದರ ಮಗ್ಗುಲಲ್ಲೇ ಇನ್ನೊಂದು ಅಪಾಯವಿದೆ. ನೋವು ಬಂದಾಗ ಮಾತ್ರ ಆಸ್ಪತ್ರೆಗೆ ಬರುವವರು ತಮ್ಮ ಕೆಟ್ಟ ದಿನ ಬಂದಿರುತ್ತಾರೆ. ಮುಂದಿನ ಅಳತೆ ಔಷಧವಿಲ್ಲದೆಯೂ ಮೇಲೇರುವ ಸಂಭವ ಹೆಚ್ಚು. ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ ಈ ಸಹಜ ಚೇತರಿಕೆಯೂ ಮಾತ್ರೆಯ ಹೆಸರಿಗೆ ಸೇರಿಬಿಡುತ್ತದೆ. ಕೆಲವರ ಅಳತೆಗಳು ಸಾವಿನಿಂದಲೇ ನಿಂತುಹೋಗುತ್ತವೆ; ಸಾವಿನವರೆಗಿನ ಕಾಲವನ್ನು ಅಳೆಯಲು ಕಾಕ್ಸ್ (1972) ಮಾದರಿ ಇದೆ. ಅದನ್ನು ಹಿಮೋಗ್ಲೋಬಿನ್ ರೇಖೆಯೊಡನೆ ಹೊಸೆಯುವ ಜಂಟಿ ಮಾದರಿಗಳೂ ಬಂದಿವೆ.

ಜನರನ್ನು ಬಿಡದೆ ಹಿಂಬಾಲಿಸಿದರೆ ಏನು ಸಾಧ್ಯ ಎಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಅಂದರೆ ಊರಿನವರ ಮಿಷನ್ ಆಸ್ಪತ್ರೆ, ಸಾಕ್ಷಿ. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿ ಹೆರಿಗೆ ದಾಖಲೆಗಳಲ್ಲಿ ತೂಕ ಬರೆಸಿಕೊಂಡಿದ್ದ 517 ಮಂದಿಯನ್ನು ದಶಕಗಳ ನಂತರ ಪರೀಕ್ಷಿಸಿ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ವರದಿ ಮಾಡಲಾಯಿತು. 1997–98ರಲ್ಲಿ ಅಲ್ಲೇ ಗರ್ಭಿಣಿಯರಿಂದ ಆರಂಭವಾದ ಪಾರ್ಥೆನಾನ್ ಅಧ್ಯಯನ, ಅವರ ಮಕ್ಕಳನ್ನು ಹದಿಹರೆಯ ದಾಟುವವರೆಗೂ ಅಳೆಯುತ್ತ ಬಂತು.

ವಯನಾಡಿನಲ್ಲಿ ಆ ಕೆಲಸಕ್ಕೆ ಗಡಿಯೇ ಅಡ್ಡ. ತಿರುನೆಲ್ಲಿ ಕಡೆಯ ಅಡಿಯರು ಕೊಡಗಿಗೆ ಬಂದರೆ ಪಂಜಿರಿ ಎರವರು. ಪಣಿಯರು ಪಣಿ ಎರವರು. ಭಾಷೆ ಬೇರೆ, ಕಾಗದ ಬೇರೆ, ಹೆಸರಿನ ಕಾಗುಣಿತವೂ ಬೇರೆ. ಡಿಸೆಂಬರ್‌ನಲ್ಲಿ ಕೊಡಗಿನ ಕುಟ್ಟದ ಕಡೆಯ ಯಾವುದೋ ಆಸ್ಪತ್ರೆಯಲ್ಲಿ ಆ ಹುಡುಗಿಯ ರಕ್ತ ಪರೀಕ್ಷೆಯಾಗಿದ್ದರೆ, ಅವಳ ಅಂಕಿ ಅಲ್ಲಿ ಹೊಸ ರೋಗಿಯದಾಗಿ ಇರುತ್ತದೆ, ಇಲ್ಲಿ ಖಾಲಿ ಮನೆಯಾಗಿ.